ಬೆಂಗಳೂರು ಬಿಟ್ಟು ಗದಗ-ಬೆಟಗೇರಿಗೆ ವಾಪಸ್ ಬರುತ್ತಿದ್ದೇವೆ. ನೀರು, ಶಾಲೆ, ಕರೆಂಟು ಹೇಗಿದೆ?

ಮಗ್ಗದ_ಮನೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸಿ ಬದಲಿಸಿ ಸಾಕಾಗಿದೆ. ಬೆಟಗೇರಿಯಲ್ಲಿ ಅಪ್ಪ-ಅವ್ವ ಇಬ್ಬರೇ ಇದ್ದಾರೆ. ಅಪ್ಪನಿಗೆ 72. ಅಜ್ಜನ ಕಾಲದ ಮನೆ. ಪಡಸಾಲೆಯಲ್ಲಿ ಮಗ್ಗದ ಕುಣಿ ಇನ್ನೂ ಹಾಗೇ ಇದೆ, ಮಗ್ಗ ಹೋಗಿ ಇಪ್ಪತ್ತು ವರ್ಷವಾಯಿತು.

ಕಂಪನಿಯವರು ಮನೆಯಿಂದಲೇ ಕೆಲಸ ಮಾಡಲು ಒಪ್ಪಿದ್ದಾರೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬಂದರೆ ಸಾಕು. ಮಗಳು ಈಗ ಎರಡನೇ ತರಗತಿ, ಜೂನ್‌ನಲ್ಲಿ ಮೂರಕ್ಕೆ ಸೇರಿಸಬೇಕು. ಹೆಂಡತಿ ಮಂಡ್ಯದವಳು. ಅವಳ ಪ್ರಶ್ನೆಗಳೇ ಜಾಸ್ತಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದು ಹೋಗುವವನಿಗೆ ಊರು ಚೆನ್ನಾಗಿಯೇ ಕಾಣುತ್ತದೆ. ಬದನೆಕಾಯಿ ಬಜ್ಜಿ ತಿಂದು, ಭೀಷ್ಮ ಕೆರೆ ಸುತ್ತಿ, ಬಸ್ ಹತ್ತಿದರೆ ಮುಗಿಯಿತು. ದಿನಾ ಬದುಕುವವರು ಹೇಳಿ. ನಳದ ನೀರು ಎಷ್ಟು ದಿನಕ್ಕೊಮ್ಮೆ? ಕರೆಂಟು ನಂಬಿ ಆಫೀಸ್ ಕೆಲಸ ಮಾಡಬಹುದಾ? ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮಕ್ಕೆ ಯಾರಾದರೂ ಮಕ್ಕಳನ್ನು ಹಾಕಿದ್ದೀರಾ? ಅವ್ವನನ್ನು ಕೇಳಿದರೆ "ಎಲ್ಲಾ ಛಲೋ ಐತಿ, ನೀ ಬಾ" ಅನ್ನುತ್ತಾಳೆ. ಅವಳ ಮಾತು ನಂಬಲಾರೆ!

ಕಳಸಾಪುರ_ರೋಡ್ · ಭಾನುವಾರ ರಾತ್ರಿ 10:05

ಬನ್ನಿ, ಬನ್ನಿ. ಶಾಲೆ, ಕರೆಂಟು ಎಲ್ಲ ಆಮೇಲೆ. ಮೊದಲು ಒಂದೇ ಪ್ರಶ್ನೆ. ಮನೆಯಲ್ಲಿ ಸಂಪು ಇದೆಯಾ?

ಮಗ್ಗದ_ಮನೆ · ಭಾನುವಾರ ರಾತ್ರಿ 10:11

ಸಂಪಿಲ್ಲ. ಹಿತ್ತಲಲ್ಲಿ ಒಂದು ಹಳೇ ಕಲ್ಲಿನ ತೊಟ್ಟಿ, ಮೇಲೆ 500 ಲೀಟರ್ ಸಿಂಟೆಕ್ಸ್. ಅಪ್ಪ-ಅವ್ವಗೆ ಅಷ್ಟು ಸಾಕಾಗುತ್ತಿದೆ ಅನ್ನುತ್ತಾರೆ.

ಕಳಸಾಪುರ_ರೋಡ್ · ಭಾನುವಾರ ರಾತ್ರಿ 10:30

ಹಾಗಾದರೆ ಸಾಮಾನು ಸಾಗಿಸುವ ಲಾರಿಗಿಂತ ಮೊದಲು ಗೌಂಡಿಯನ್ನು ಕರೆಸಿ.

ಹೊಸಬರಿಗೆ ಒಂದು ವಿಷಯ ಗೊತ್ತಿರಲಿ. ನಮ್ಮ ಊರಿಗೆ ನೀರು ಬರುವುದು ಮುಂಡರಗಿ ತಾಲೂಕಿನ ಹಮ್ಮಿಗಿ ಹತ್ತಿರದ ತುಂಗಭದ್ರಾ ನದಿಯಿಂದ. ಅಲ್ಲಿಂದ ಇಲ್ಲಿಗೆ ನೀರು ಹರಿದು ಬರುವುದಿಲ್ಲ. ಗದಗ ನದಿಗಿಂತ ನೂರು ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ಪಂಪು ಹಚ್ಚಿ ನೂಕಿಸಿಕೊಂಡೇ ಬರಬೇಕು. ದಾರಿಯಲ್ಲಿ ಎಲ್ಲಿ ಪೈಪು ಒಡೆದರೂ, ಎಲ್ಲಿ ಕರೆಂಟು ಹೋದರೂ, ನಿಮ್ಮ ಓಣಿಯ ಸರದಿ ಮುಂದಕ್ಕೆ ಹೋಗುತ್ತದೆ. ಸರದಿ ಹತ್ತು ದಿನಕ್ಕೂ ಬರಬಹುದು, ಹದಿನೈದಕ್ಕೂ ಬರಬಹುದು. ಬೇಸಿಗೆಯಲ್ಲಿ ಅದಕ್ಕೂ ಜಾಸ್ತಿ. ಈ ವಾರ್ತೆ ಪ್ರತಿ ಮಾರ್ಚ್‌ಗೆ ಪೇಪರಿನಲ್ಲಿ ಬಂದೇ ಬರುತ್ತದೆ, ಯುಗಾದಿ ಪಂಚಾಂಗದ ಹಾಗೆ.

ಈಗ ಲೆಕ್ಕ ಹಾಕೋಣ. ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು ಅಂತ ಸರ್ಕಾರದ ಮಾನದಂಡ. ನೀವು ಐದು ಜನ. ದಿನಕ್ಕೆ 675, ಹತ್ತು ದಿನಕ್ಕೆ 6,750 ಲೀಟರ್. ನಾವು ಯಾರೂ ಅಷ್ಟು ಬಳಸುವುದಿಲ್ಲ ಬಿಡಿ. ಪಾತ್ರೆ ತೊಳೆದ ನೀರು ಗಿಡಕ್ಕೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ, ಹೀಗೆ ಬದುಕಿ ತಲೆಗೆ 80 ಲೀಟರಿನಲ್ಲಿ ಮುಗಿಸುತ್ತೇವೆ. ಆದರೂ ದಿನಕ್ಕೆ 400 ಆಯಿತು. ಹದಿನೈದು ದಿನ ತಡೆಯಬೇಕು ಅಂದರೆ 6,000.

ಎಂಟು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳ ತೆಗೆಸಿದರೆ 240 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಸುಮಾರು 6,800 ಲೀಟರ್ ನಿಲ್ಲುತ್ತದೆ. ಇದಕ್ಕಿಂತ ಸಣ್ಣದು ಮಾಡಬೇಡಿ. ನಾನು ಮೊದಲ ಸಲ ದುಡ್ಡು ಉಳಿಸಲು ಹೋಗಿ ಸಣ್ಣದು ಕಟ್ಟಿಸಿದೆ. ಮೂರು ವರ್ಷಕ್ಕೆ ಅದನ್ನು ಒಡೆದು ದೊಡ್ಡದು ಮಾಡಿಸಿದೆ. ಎರಡು ಸಲದ ಖರ್ಚು ಕೂಡಿಸಿದರೆ ಒಂದು ಸ್ಕೂಟರ್ ಬರುತ್ತಿತ್ತು.

ಸುಮ್ನೆ_ಓದುಗ · ಭಾನುವಾರ ರಾತ್ರಿ 10:48

ಪಡಸಾಲೆಯಲ್ಲಿ ಮಗ್ಗದ ಕುಣಿ ಇದೆ ಅಂದರಲ್ಲ, ಅದನ್ನೇ ಸಂಪು ಮಾಡಿಬಿಡಿ ಅಣ್ಣಾರೆ. ಅಗೆತದ ಖರ್ಚು ಉಳಿಯಿತು 😄

ಮಗ್ಗದ_ಮನೆ · ಭಾನುವಾರ ರಾತ್ರಿ 11:02

ಅಪ್ಪನ ಮುಂದೆ ಈ ಮಾತು ಆಡಿದರೆ ನನ್ನನ್ನೇ ಆ ಕುಣಿಯಲ್ಲಿ ಹೂಳುತ್ತಾನೆ. ಸುಮ್ನೆ ಅಳತೆ ಹಾಕಿದೆ. ಮೂರಡಿ, ಎರಡೂವರೆ ಅಡಿ, ಎರಡಡಿ ಆಳ. 15 ಘನ ಅಡಿ. 425 ಲೀಟರ್ ಸಹ ಆಗುವುದಿಲ್ಲ, ಒಂದು ದಿನಕ್ಕೆ ಸರಿ. ಕುಣಿ ಉಳಿಯಿತು.

ಹುಬ್ಬಳ್ಳಿ_ಅಳಿಯ · ಸೋಮವಾರ ಬೆಳಿಗ್ಗೆ 7:20

ನನ್ನದು ಹುಬ್ಬಳ್ಳಿ, ಹೆಂಡತಿಯ ತವರು ಗದಗ. ನಮ್ಮ ಮನೆ ಇರುವುದು 24 ಗಂಟೆ ನೀರು ಬರುವ ವಾರ್ಡಿನಲ್ಲಿ. 2008ರಿಂದ ಬರುತ್ತಿದೆ. ಅತ್ತೆ ಮೊದಲ ಸಲ ನಮ್ಮ ಮನೆಗೆ ಬಂದಾಗ ಬೆಳಿಗ್ಗೆ ಎದ್ದವರೇ ಇದ್ದಬದ್ದ ಕೊಡ, ಬಕೆಟ್, ಪಾತ್ರೆ ಎಲ್ಲ ತುಂಬಿಸಿಟ್ಟರು. ನೀರು ಹೋಗುವುದಿಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸಂಜೆ ತಾವೇ ಎಲ್ಲ ಚೆಲ್ಲಿದರು. ಮರುದಿನ ಮತ್ತೆ ತುಂಬಿದರು.

ಒಂದು ಮಾತು ಹೇಳಲೇಬೇಕು. ನದಿಯಲ್ಲಿ ನೀರಿಲ್ಲ, ಅದಕ್ಕೆ ಬಿಡುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅದು ನಿಜವೇ ಇರಬಹುದು. ಆದರೆ ಉಳಿದ ಎಂಟು ತಿಂಗಳ ಕಥೆ ಬೇರೆ. ಹಳೇ ಪೈಪುಗಳು ಎಲ್ಲೆಂದರಲ್ಲಿ ಸೋರುತ್ತವೆ. ಅದರಲ್ಲಿ 24 ಗಂಟೆ ಒತ್ತಡ ಕೊಟ್ಟರೆ ಮನೆಗಿಂತ ಜಾಸ್ತಿ ನೀರು ಮಣ್ಣಿಗೇ ಹೋಗುತ್ತದೆ. ಹಾಗಾಗಿ ಓಣಿ ಓಣಿಗೆ ಸರದಿ ಹಾಕಿ, ಎರಡು-ಮೂರು ಗಂಟೆ ಬಿಟ್ಟು ಬಂದ್ ಮಾಡುತ್ತಾರೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಪ್ರಯೋಗ ಮಾಡಿದಾಗ ಆ ವಾರ್ಡುಗಳ ಪೈಪು ಪೂರಾ ಹೊಸದಾಗಿ ಹಾಕಿದರು. ಮನೆ ಮನೆಗೆ ಮೀಟರ್ ಕೂರಿಸಿದರು. ಬಳಸಿದಷ್ಟಕ್ಕೆ ಬಿಲ್ಲು. ಮಲಪ್ರಭೆ ನೀರು ಅದೇ, ಬದಲಾದದ್ದು ಪೈಪು.

ಕಳಸಾಪುರ_ರೋಡ್ · ಸೋಮವಾರ ಬೆಳಿಗ್ಗೆ 7:45

ಅಳಿಯಂದಿರೇ, ಅರ್ಧ ಕಥೆ ಹೇಳಿದಿರಿ. ಆ ಪ್ರಯೋಗ ತಲುಪಿದ್ದು ಆ ಊರುಗಳ ನೂರರಲ್ಲಿ ಸುಮಾರು ಹತ್ತು ಜನರಿಗೆ. ಉಳಿದವರು ನಮ್ಮ ಹಾಗೇ ದಿನ ಎಣಿಸುತ್ತಾ ಕೂತರು. ಇಡೀ ಊರಿಗೆ ಹರಡುವ ಕೆಲಸ ಹತ್ತು ವರ್ಷ ದಾಟಿದ ಮೇಲೆ ಶುರುವಾಯಿತು. ನಮ್ಮಲ್ಲೂ ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಸಾಲದ ಉತ್ತರ ಕರ್ನಾಟಕ ಯೋಜನೆಯಲ್ಲಿ ಪೈಪಿಗೆ ಅಂತ ರಸ್ತೆ ಅಗೆದಿದ್ದು ನೆನಪಿದೆ. ರಸ್ತೆ ಅಗೆದದ್ದಂತೂ ಗ್ಯಾರಂಟಿ!

ಹುಬ್ಬಳ್ಳಿ_ಅಳಿಯ · ಸೋಮವಾರ ಬೆಳಿಗ್ಗೆ 8:10

ಒಪ್ಪಿದೆ. ನನ್ನ ಅದೃಷ್ಟ ವಾರ್ಡಿನ ಗೆರೆ ಮೇಲೆ ನಿಂತಿದೆ. ರಸ್ತೆಯ ಆಚೆ ಬದಿಯ ಗೆಳೆಯನ ಮನೆಯಲ್ಲಿ ಸಂಪು, ನಮ್ಮಲ್ಲಿಲ್ಲ. ಆದರೆ ಆಗುವುದೇ ಇಲ್ಲ ಅನ್ನುವವರಿಗೆ ಆಗಿದ್ದನ್ನು ತೋರಿಸಬೇಕಲ್ವಾ?

ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಬಗೆಯ ವಾರ್ಡುಗಳ ನೀರಿನ ಮಾದರಿ ಹಿಡಿದು ಪರೀಕ್ಷೆ ಮಾಡಿದ್ದರು. ಸರದಿಯ ನೀರಿನಲ್ಲಿ ಕೊಳೆ ಜಾಸ್ತಿ ಸಿಕ್ಕಿತು. ಅದರಲ್ಲೂ ನೀರು ಬಿಟ್ಟ ಮೊದಲ ಹೊತ್ತಿನದ್ದು ಕೆಟ್ಟದ್ದು. ಯಾಕೆ ಅಂದರೆ ಪೈಪು ಖಾಲಿ ಇದ್ದಾಗ ಪಕ್ಕದ ಗಟಾರದ ನೀರು ಬಿರುಕಿನಿಂದ ಒಳಗೆ ಇಳಿಯುತ್ತದೆ. ಹಾಗಾಗಿ ನೀರು ಬಂತು ಅಂತ ಓಡಿ ಹೋಗಿ ಮೊದಲ ಕೊಡವನ್ನೇ ಕುಡಿಯಲು ಇಡಬೇಡಿ. ಹತ್ತು ನಿಮಿಷದ್ದು ಗಿಡಕ್ಕೆ, ಅಂಗಳಕ್ಕೆ ಬಿಡಿ.

ಓಣಿ_ಅಕ್ಕ · ಸೋಮವಾರ ಬೆಳಿಗ್ಗೆ 11:30

ಹತ್ತು ನಿಮಿಷ ಬಿಡಿ ಅಂತ ಹೇಳುವುದು ಸುಲಭ. ನಮ್ಮ ತುದಿ ಮನೆಗೆ ಬರುವುದೇ ಒಂದು ತಾಸು. ಅದೂ ಎಳೆ ದಾರದಷ್ಟು. ಮೊದಲ ಹತ್ತು ಮನೆಯವರು ನಳಕ್ಕೆ ನೇರ ಮೋಟಾರ್ ಹಚ್ಚಿದರೆ ತುದಿಯವರಿಗೆ ಬುಸ್ ಅಂತ ಗಾಳಿ ಬರುತ್ತದೆ, ಅಷ್ಟೇ.

ಟಿಸಿ_ಪಕ್ಕದ_ಮನೆ · ಸೋಮವಾರ ಮಧ್ಯಾಹ್ನ 1:15

ಅಕ್ಕಾರೆ, ತಪ್ಪೊಪ್ಪಿಗೆ. ಆ ಮೊದಲ ಹತ್ತು ಮನೆಯವರಲ್ಲಿ ನಾನೂ ಒಬ್ಬನಾಗಿದ್ದೆ, ಬೇರೆ ಓಣಿಯಲ್ಲಿ. ವೈರಿಂಗ್ ಗುತ್ತಿಗೆದಾರ ನಾನು, ಮನೆಯಲ್ಲಿ ಮೋಟಾರಿಗೇನು ಬರ? ಎರಡು ವರ್ಷ ಹಾಗೇ ಎಳೆದೆ. ಒಂದು ಮಳೆಗಾಲ ಮನೆಯವರಿಗೆಲ್ಲ ವಾಂತಿ-ಭೇದಿ. ನೀರಿಗೆ ಗಟಾರದ ವಾಸನೆ. ಆಮೇಲೆ ಒಬ್ಬ ಹಿರಿಯ ಇಂಜಿನಿಯರ್ ಬಿಡಿಸಿ ಹೇಳಿದರು. ಮೋಟಾರ್ ಹಚ್ಚಿದರೆ ಪೈಪಿನಲ್ಲಿ ಒತ್ತಡ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಎಲ್ಲೆಲ್ಲಿ ಬಿರುಕಿದೆಯೋ ಅಲ್ಲಲ್ಲಿ ಹೊರಗಿನದ್ದನ್ನು ಒಳಗೆ ಹೀರುತ್ತದೆ. ಅಂದರೆ ನಾನು ದುಡ್ಡು ಕೊಟ್ಟು, ಕರೆಂಟು ಸುಟ್ಟು, ಗಟಾರ ಎಳೆದುಕೊಂಡೆ. ನನಗಷ್ಟೇ ಅಲ್ಲ, ಇಡೀ ಓಣಿಗೆ.

ಈಗ ಮಾಡಿರುವುದು ಇಷ್ಟು. ನಳದ ಮಟ್ಟಕ್ಕಿಂತ ಕೆಳಗೆ ಸಂಪು. ನೀರು ತಾನೇ ಇಳಿಯುತ್ತದೆ. ಮೋಟಾರ್ ಇರುವುದು ಸಂಪಿನಿಂದ ಮೇಲಿನ ಟ್ಯಾಂಕಿಗೆ ಮಾತ್ರ.

ಮಗ್ಗದ_ಮನೆಯವರೇ, ಕರೆಂಟು ಕೇಳಿದ್ದಿರಿ. ಆಫೀಸ್ ಕೆಲಸಕ್ಕೆ ಇನ್ವರ್ಟರ್ ಇದ್ದರೆ ಚಿಂತೆ ಬೇಡ. ಮೇ ತಿಂಗಳ ಗಾಳಿ-ಮಳೆಗೆ ತಂತಿ ಹರಿಯುವುದು, ಟಿಸಿ, ಅಂದರೆ ಓಣಿಯ ಟ್ರಾನ್ಸ್‌ಫಾರ್ಮರ್, ಸುಡುವುದು ಉಂಟು. 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಇಟ್ಟುಕೊಳ್ಳಿ. ಓಣಿಯ ಲೈನ್‌ಮನ್‌ಗೆ ನೇರ ಫೋನ್ ಮಾಡುವುದು ಎಲ್ಲರ ಅಭ್ಯಾಸ. ಆದರೆ ಕಂಬದ ಮೇಲಿರುವವನಿಗೆ ನಲವತ್ತು ಫೋನ್ ಬಂದರೆ ಅವನು ಜಂಪ್ ಕಟ್ಟಬೇಕಾ, ಫೋನ್ ಎತ್ತಬೇಕಾ?

ನೀರಿನ ಮೋಟಾರಿಗೆ ಬಿಲ್ಲು ಏರುತ್ತದೆ ಅಂತ ಹೆದರಬೇಡಿ. ಒಂದು ಎಚ್‌ಪಿ ಮೋಟಾರ್ ಒಂದು ತಾಸು ಓಡಿದರೆ ಮುಕ್ಕಾಲು ಯೂನಿಟ್. ದಿನದ 400 ಲೀಟರ್ ಏರಿಸಲು ಕಾಲು ತಾಸು. ತಿಂಗಳಿಗೆ ಆರು ಯೂನಿಟ್ ಸಹ ಆಗುವುದಿಲ್ಲ. ಗೀಸರ್ ನೋಡಿಕೊಳ್ಳಿ. ಎರಡು ಕಿಲೋವ್ಯಾಟಿನದ್ದು ದಿನಕ್ಕೆ ಒಂದು ತಾಸು ಅಂದರೆ ತಿಂಗಳಿಗೆ 60 ಯೂನಿಟ್.

ಮಗ್ಗದ_ಮನೆ · ಸೋಮವಾರ ಮಧ್ಯಾಹ್ನ 2:40

ಗೃಹಜ್ಯೋತಿ ಬಗ್ಗೆಯೂ ಹೇಳಿಬಿಡಿ. ಅಪ್ಪನ ಮನೆಗೆ ಸೊನ್ನೆ ಬಿಲ್ಲು ಬರುತ್ತದೆ. ನಾವು ಬಂದ ಮೇಲೂ 200 ಯೂನಿಟ್ ವರೆಗೆ ಫ್ರೀ ಅಲ್ವಾ?

ಟಿಸಿ_ಪಕ್ಕದ_ಮನೆ · ಸೋಮವಾರ ಸಂಜೆ 6:20

ಎಲ್ಲರೂ ಎಡವುವುದು ಇಲ್ಲೇ. 200 ಅನ್ನುವುದು ಮೇಲಿನ ಮಿತಿ. ನಿಮ್ಮ ಪಾಲು ಎಷ್ಟು ಅನ್ನುವುದು 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಮೇಲೆ ನಿಂತಿದೆ. ಸರಾಸರಿಗೆ ಶೇ 10 ಕೂಡಿಸುತ್ತಾರೆ. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಆಮೇಲೆ ನಿಯಮ ಬದಲಿಸಿ ಶೇ 10ರ ಬದಲು 10 ಯೂನಿಟ್ ಕೂಡಿಸಿದರು. ಅಪ್ಪ-ಅವ್ವ ಇಬ್ಬರೇ ಇದ್ದರು ಅಂದರೆ ಸರಾಸರಿ 38 ಅಂದುಕೊಳ್ಳಿ. ಪಾಲು 48. ನೀವು ಬಂದು 150 ಸುಟ್ಟರೆ 102 ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದಿರೋ, ಆ ತಿಂಗಳು ಪೂರಾ ಬಿಲ್ಲು ನಿಮ್ಮದೇ.

ಬಾಡಿಗೆ ಮನೆಯವರಿಗೆ, ಹೊಸ ಮೀಟರಿನವರಿಗೆ ಹಳೇ ಲೆಕ್ಕ ಇಲ್ಲದಿದ್ದರೆ 58 ಯೂನಿಟ್. ರಾಜ್ಯದ ಸರಾಸರಿ 53, ಅದಕ್ಕೆ ಶೇ 10.

ಮಗ್ಗದ_ಮನೆ · ಸೋಮವಾರ ಸಂಜೆ 6:50

ಬೆಂಗಳೂರು ಬಾಡಿಗೆ ಮನೆಯ ಮೀಟರಿಗೆ ನನ್ನ ಆಧಾರ್ ಜೋಡಿಸಿದ್ದೇನೆ. ಅದರ ಹಿಂದಿನ ಬಾಡಿಗೆ ಮನೆಯಲ್ಲೂ ಜೋಡಿಸಿದ್ದೆ. ಬಿಡಿಸಲು ಮರೆತು ಹೊಸ ಮನೆಯಲ್ಲಿ ನಾಲ್ಕು ತಿಂಗಳು ಪೂರಾ ಬಿಲ್ಲು ಕಟ್ಟಿದ್ದೆ, ನನ್ನದೇ ತಪ್ಪು. ಈ ಸಲ ಮನೆ ಖಾಲಿ ಮಾಡುವ ದಿನವೇ ಸೇವಾಸಿಂಧುವಿನಲ್ಲಿ ಬಿಡಿಸುತ್ತೇನೆ.

ಟಿಸಿ_ಪಕ್ಕದ_ಮನೆ · ಸೋಮವಾರ ರಾತ್ರಿ 8:00

ಬಿಡಿಸಿ. ಬೀಗದ ಕೈ ಕೊಡುವ ಮೊದಲೇ.

ಅಂದಹಾಗೆ, ತಾರಸಿ ಸೋಲಾರ್‌ಗೆ ಕೇಂದ್ರದ ಸಬ್ಸಿಡಿ ಇದೆ. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲಕ್ಕೆ 78,000. ಇಷ್ಟು ಬಿಸಿಲಿನ ಊರಿನಲ್ಲಿ ನನಗೆ ಗಿರಾಕಿಗಳ ಸಾಲು ಇರಬೇಕಿತ್ತು. ಸೊನ್ನೆ ಬಿಲ್ಲು ಬರುವವರು ಯಾಕೆ ಹಾಕಿಸುತ್ತಾರೆ ಹೇಳಿ? ಕಪ್ಪತಗುಡ್ಡದ ಕಡೆ ಗಾಳಿ ಪಂಕ ತಿರುಗುವುದನ್ನು ನೋಡುತ್ತಾ ಕೂತಿದ್ದೇನೆ.

ಮಾಸ್ತರ್_ನಿವೃತ್ತ · ಸೋಮವಾರ ರಾತ್ರಿ 9:10

ಶಾಲೆ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಮೂವತ್ತೊಂದು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವನು.

ತಮ್ಮಾ, ಮೊದಲು ಕಾಗದ. ಬೆಂಗಳೂರಿನ ಶಾಲೆಯಿಂದ ಟಿಸಿ, ಅಂದರೆ ವರ್ಗಾವಣೆ ಪತ್ರ ತರಬೇಕು, ಜೊತೆಗೆ ಮಗುವಿನ ಸ್ಯಾಟ್ಸ್ ನಂಬರ್, ಅಂದರೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಂಖ್ಯೆ. ಆ ನಂಬರ್ ಇದ್ದರೆ ಇಲ್ಲಿನ ಶಾಲೆಯವರು ಮಗುವಿನ ದಾಖಲೆಯನ್ನು ಆನ್‌ಲೈನಿನಲ್ಲೇ ಎಳೆದುಕೊಳ್ಳುತ್ತಾರೆ. ಫೀಸು ಬಾಕಿ ಇಟ್ಟು ಬರಬೇಡ, ಟಿಸಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಇಂಗ್ಲಿಷ್ ಮಾಧ್ಯಮ ವಿಭಾಗಗಳು 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಶುರುವಾದವು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲೂ ಇವೆ. ಸೇರಿಸುವ ಪೈಪೋಟಿ ನೋಡಿದರೆ ನಮ್ಮ ಹಳೇ ಶಾಲೆಗಳು ಇವೇನಾ ಅನ್ನಿಸುತ್ತದೆ. ಆದರೆ ಫಲಕದ ಮೇಲೆ ಇಂಗ್ಲಿಷ್ ಅಂತ ಬರೆದ ಮಾತ್ರಕ್ಕೆ ಆಗಲಿಲ್ಲ. ನಾನೇ ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲೇ ಕಲಿಸಿ, ಕೊನೆಯ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಗಣಿತ ಹೇಳಿಕೊಟ್ಟವನು. ಮಕ್ಕಳಿಗಿಂತ ನನಗೇ ಹೆದರಿಕೆ ಜಾಸ್ತಿ ಇತ್ತು. ಹಾಗಾಗಿ ಸೇರಿಸುವ ಮೊದಲು ಹೋಗಿ ಒಂದು ತಾಸು ತರಗತಿಯ ಹೊರಗೆ ನಿಂತು ಕೇಳು. ಯಾರೂ ಓಡಿಸುವುದಿಲ್ಲ.

ಇನ್ನೊಂದು, ಇದು ಈ ಚರ್ಚೆಗೇ ಸೇರಿದ ಮಾತು. ಶಾಲೆಗೆ ಹೋದಾಗ ಹೆಡ್‌ಮಾಸ್ತರ ಕೋಣೆಗೆ ಹೋಗುವ ಮೊದಲು ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತದಾ ನೋಡು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಕಟ್ಟಡ ಹೊಸದು, ಬಣ್ಣ ಹೊಸದು, ನೀರಿಲ್ಲ. ಆರು-ಏಳನೇ ತರಗತಿಯ ಹುಡುಗಿಯರು ಮಧ್ಯಾಹ್ನ ಊಟವಾದ ಮೇಲೆ ಮನೆಗೆ ಹೋದರೆ ತಿರುಗಿ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಬೆಳಗಿನ ಹಾಜರಿ ಮಾತ್ರ ಸರಿ ಇತ್ತು. ಊರಿನವರು ದುಡ್ಡು ಕೂಡಿಸಿ ಟ್ಯಾಂಕ್ ಕೂರಿಸಿದ ಮೇಲೆ ಮಧ್ಯಾಹ್ನದ ತರಗತಿ ತುಂಬಿತು.

ಬಿಸಿಯೂಟದ ಬಗ್ಗೆ ಅಪನಂಬಿಕೆ ಬೇಡ. 2013ರಿಂದ ಹಾಲು ಕೊಡುತ್ತಾರೆ. ಮೊಟ್ಟೆ ಈಗ ವಾರದಲ್ಲಿ ಆರು ದಿನ, ಒಲ್ಲದವರಿಗೆ ಬಾಳೆಹಣ್ಣು. ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನವರದು.

ದುಬೈ_ಗದಗ · ಸೋಮವಾರ ರಾತ್ರಿ 9:55

ಮಾಸ್ತರ್ರೇ, ಸಿಟ್ಟಾಗಬೇಡಿ. ಸರ್ಕಾರಿ ಶಾಲೆ ಚೆನ್ನಾಗಿದೆ ಅನ್ನುವ ಮಾಸ್ತರರು ಸ್ವಂತ ಮಕ್ಕಳನ್ನು ಎಲ್ಲಿ ಓದಿಸಿದರು ಅಂತ ಕೇಳಬಹುದಾ?

ಮಾಸ್ತರ್_ನಿವೃತ್ತ · ಸೋಮವಾರ ರಾತ್ರಿ 10:20

ಕೇಳಬಹುದು. ಮಗಳು ಏಳನೇ ತರಗತಿ ವರೆಗೆ ನನ್ನ ಶಾಲೆಯಲ್ಲೇ ಓದಿದಳು. ಮಗನನ್ನು ಖಾಸಗಿ ಶಾಲೆಗೆ ಹಾಕಿದೆ. ಹೆಂಡತಿ ಹಟ ಹಿಡಿದಳು, ನನಗೂ ಒಳಗೊಳಗೆ ಹಾಗೇ ಬೇಕಿತ್ತು. ಮಗಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಉತ್ತರ ಸಿಕ್ಕಿತಾ?

ಸುಮ್ನೆ_ಓದುಗ · ಸೋಮವಾರ ರಾತ್ರಿ 10:31

ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗುವುದಿಲ್ಲವಾ ಮಾಸ್ತರ್ರೇ? ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಡ ಮಕ್ಕಳಿಗೆ ಶೇ 25 ಅಂತ ಇತ್ತಲ್ಲ.

ಮಾಸ್ತರ್_ನಿವೃತ್ತ · ಮಂಗಳವಾರ ಬೆಳಿಗ್ಗೆ 6:15

ಇತ್ತು. ಕರ್ನಾಟಕದಲ್ಲಿ 2019ರಿಂದ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ. ಹೈಕೋರ್ಟೂ ಅದನ್ನು ಎತ್ತಿ ಹಿಡಿಯಿತು. ನಮ್ಮಂಥ ಊರಿನಲ್ಲಿ ಓಣಿಗೊಂದು ಸರ್ಕಾರಿ ಶಾಲೆ ಇರುವಾಗ ಸೀಟು ಉಳಿದಿರುವುದು ಎಲ್ಲಿ? ಅದೂ ಒಂದನೇ ತರಗತಿ ಅಥವಾ ಅದಕ್ಕಿಂತ ಕೆಳಗಿನ ಪ್ರವೇಶಕ್ಕೆ. ಮೂರನೇ ತರಗತಿಗೆ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು ನೆನಪಾಯಿತು. ನಮ್ಮ ಜಿಲ್ಲೆಯ ನವೋದಯ ಶಾಲೆ ಕೊರ್ಲಹಳ್ಳಿಯಲ್ಲಿದೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ಐದನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಶೇ 75 ಸೀಟು ಹಳ್ಳಿ ಮಕ್ಕಳಿಗೆ, ಅದಕ್ಕೆ ಮೂರು, ನಾಲ್ಕು, ಐದು ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಬೆಟಗೇರಿ ನಗರದೊಳಗೆ ಬರುತ್ತದೆ, ಹಾಗಾಗಿ ನಿನ್ನ ಮಗಳಿಗೆ ಉಳಿದ ಪಾಲಿನಲ್ಲೇ ಪೈಪೋಟಿ. ಈಗಿನಿಂದಲೇ ಟ್ಯೂಷನ್ ಹಚ್ಚಬೇಡ. ಗೊತ್ತಿರಲಿ ಅಂತ ಹೇಳಿದೆ.

ಓಣಿ_ಅಕ್ಕ · ಮಂಗಳವಾರ ಮಧ್ಯಾಹ್ನ 3:00

ನಾನು ಮತ್ತೆ ನೀರಿಗೇ ಬರುತ್ತೇನೆ. ನಿಮ್ಮ ಹೆಂಡತಿ ಮಂಡ್ಯದವರು ಅಂದಿರಲ್ಲ, ಅವರಿಗೆ ಈ ಮಾತು ತಲುಪಲಿ.

ಸಂಪು, ಲೀಟರು, ಎಚ್‌ಪಿ ಎಲ್ಲ ಗಂಡಸರ ಲೆಕ್ಕ. ನಮ್ಮ ಲೆಕ್ಕ ಬೇರೆ. ನೀರು ಬಿಡುವ ದಿನ ಯಾವುದೋ ಗೊತ್ತಿರುವುದಿಲ್ಲ. ಇವತ್ತು ಬರಬಹುದು ಅಂತ ವಾಲ್‌ಮನ್ ಹೇಳಿದರೆ ಆ ದಿನ ಮನೆ ಬಿಡುವ ಹಾಗಿಲ್ಲ. ತವರಿಗೆ ಹೋಗುವುದು, ಮದುವೆ, ಸಂತೆ ಎಲ್ಲ ನೀರಿನ ಮೇಲೆ ನಿಂತಿದೆ. ಬಸ್ಸು ಫ್ರೀ ಆಗಿ ಎಷ್ಟೋ ದಿನವಾಯಿತು. ಹುಬ್ಬಳ್ಳಿಗೆ ಹೋಗಿ ಬರೋಣ ಅಂತ ಹೊರಟರೆ ಪಕ್ಕದ ಮನೆಯವಳ ಫೋನು, "ನೀರು ಬಂತಂತೆ, ಎಲ್ಲಿದ್ದೀ?" ಅಣ್ಣಿಗೇರಿಯಲ್ಲಿ ಇಳಿದು ವಾಪಸ್ ಬಂದಿದ್ದೇನೆ, ಸುಳ್ಳಲ್ಲ.

ಇನ್ನು ಡೆಂಗಿ. ಆಶಾ ಕಾರ್ಯಕರ್ತೆಯರು ಮಳೆಗಾಲದಲ್ಲಿ ಟಾರ್ಚ್ ಹಿಡಿದು ಮನೆ ಮನೆಯ ಡ್ರಮ್ಮು, ತೊಟ್ಟಿ ನೋಡುತ್ತಾರೆ. ವಾರಕ್ಕೊಮ್ಮೆ ಎಲ್ಲ ಖಾಲಿ ಮಾಡಿ, ಉಜ್ಜಿ, ಒಣಗಿಸಿ ಅನ್ನುತ್ತಾರೆ. ಸರಿಯಾದ ಮಾತೇ. ಆ ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಏಳರಿಂದ ಹತ್ತು ದಿನ. ಆದರೆ ನಮ್ಮ ನೀರು ಬರುವುದೂ ಹತ್ತು ದಿನಕ್ಕೆ! ಏಳನೇ ದಿನ ಡ್ರಮ್ಮು ಖಾಲಿ ಮಾಡಿದರೆ ಎಂಟನೇ ದಿನ ಏನು ಕುಡಿಯಬೇಕು? ಮೊನ್ನೆ ಬಂದ ಹುಡುಗಿಗೆ ಇದೇ ಕೇಳಿದೆ. ಅವಳೂ ನಕ್ಕಳು. ಅವಳ ಮನೆಯಲ್ಲೂ ಅದೇ ಕಥೆ.

ಹಾಗಾಗಿ ಮುಚ್ಚಳ ಮುಖ್ಯ. ಸಂಪಿನ ಮುಚ್ಚಳದ ಸಂದಿಗೆ, ಹೆಚ್ಚಾದ ನೀರು ಹೊರ ಹೋಗುವ ಪೈಪಿನ ಬಾಯಿಗೆ ಜಾಳಿಗೆ ಬಿಗಿಯಿರಿ. ಡ್ರಮ್ಮಿಗೆ ಹಳೇ ಬಿಳಿ ಪಂಚೆ ಎರಡು ಮಡಿಕೆ ಮಾಡಿ ಕಟ್ಟಿ. ಖಾಲಿಯಾದ ದಿನ ಗೋಡೆ ಗಸಗಸ ಉಜ್ಜಿ. ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ಕಳಸಾಪುರ_ರೋಡ್ · ಮಂಗಳವಾರ ಸಂಜೆ 7:10

ಅಕ್ಕಾರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ನೀರಿನ ಕರ ವರ್ಷಕ್ಕೆ ಇಷ್ಟು ಅಂತ ಕಟ್ಟುತ್ತೇವೆ, ಅದು ಸಣ್ಣದು. ಸಂಪು, ಸಿಂಟೆಕ್ಸ್, ಮೋಟಾರ್, ಬೇಸಿಗೆಯ ಟ್ಯಾಂಕರ್, ಕುಡಿಯುವ ನೀರಿನ ಘಟಕಕ್ಕೆ ಹಾಕುವ ಕಾಯಿನ್ನು, ಇವೆಲ್ಲ ಯಾವ ರಸೀದಿಯಲ್ಲೂ ಬರುವುದಿಲ್ಲ. ಸಂಪು ಕಟ್ಟಿಸಲು ಜಾಗ ಇಲ್ಲದವರು ಡ್ರಮ್ಮಿನಲ್ಲೇ ಬದುಕಬೇಕು. ಮೀಟರ್ ಕೂರಿಸುತ್ತೇವೆ ಅಂದಾಗ ಬೇಡ ಅಂತ ಕೂಗುವವರು ಈ ಲೆಕ್ಕ ಒಂದು ಸಲ ಹಾಕಲಿ. ನಾನೂ ಕೂಗಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಮಗ್ಗದ_ಮನೆ · ಮಂಗಳವಾರ ರಾತ್ರಿ 9:30

ಬೋರ್ ಹೊಡೆಸಿದರೆ ಹೇಗೆ? ಹಿತ್ತಲಲ್ಲಿ ಜಾಗ ಇದೆ.

ಕಳಸಾಪುರ_ರೋಡ್ · ಮಂಗಳವಾರ ರಾತ್ರಿ 9:50

ಬಳಸಲು ಸರಿ, ಕುಡಿಯಲು ಬೇಡ. ನಮ್ಮ ಕಡೆ ಬಹಳ ಬೋರುಗಳು ಸವಳು. ಗದಗ ಜಿಲ್ಲೆಯ ಅಂತರ್ಜಲದಲ್ಲಿ, ಅದರಲ್ಲೂ ಮುಂಡರಗಿ ಕಡೆ, ಫ್ಲೋರೈಡ್ ತೊಂದರೆ ಹಳೇದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆ ಕೆಡುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಂತೆ ಇನ್ನೂ ಗಟ್ಟಿಯಾಗುತ್ತದೆ. ಸಣ್ಣ ಮಗಳಿದ್ದಾಳೆ, ಹೊಡೆಸಿದರೆ ಮೊದಲು ನೀರು ಪರೀಕ್ಷೆಗೆ ಕೊಡಿ.

ದುಬೈ_ಗದಗ · ಬುಧವಾರ ಬೆಳಿಗ್ಗೆ 10:40

ಆಸ್ಪತ್ರೆ ಬಗ್ಗೆ ಯಾರೂ ಹೇಳಲಿಲ್ಲ. ಅಪ್ಪನಿಗೆ 72 ಅಂದಿರಿ. ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆ ಮಲ್ಲಸಮುದ್ರದ ಹತ್ತಿರ, ಮುಳಗುಂದ ರಸ್ತೆಯಲ್ಲಿದೆ. ಬೆಟಗೇರಿಯಿಂದ ಊರು ದಾಟಿ ಹೋಗಬೇಕು. ರಾತ್ರಿ ಆಟೋದವರ ಎರಡು ನಂಬರ್ ಇಟ್ಟುಕೊಳ್ಳಿ, 108 ಅಂತೂ ಇದ್ದೇ ಇದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಅಪ್ಪ ಇರುವಾಗಲೇ ಖಾತೆ ಬದಲಾವಣೆ, ಇ-ಖಾತಾ ಮುಗಿಸಿಕೊಳ್ಳಿ. ಅರ್ಜಿ ಕೊಟ್ಟಾಗ ಸಕಾಲದ 15 ಅಂಕಿಯ ನಂಬರ್ ಕೇಳಿ ಪಡೆಯಿರಿ. ಬಾಯಿ ಮಾತಿನ ಅರ್ಜಿಗೆ ಗಡುವಿಲ್ಲ. ನಾನು ದುಬೈಯಲ್ಲಿ ಕೂತು ನಮ್ಮಪ್ಪನ ಮನೆಯ ಕಾಗದ ಮಾಡಿಸಲು ಹೋಗಿ ಎರಡು ಸಲ ರಜೆ ಹಾಳು ಮಾಡಿಕೊಂಡೆ.

ಮಗ್ಗದ_ಮನೆ · ಏಳು ವಾರದ ನಂತರ, ಶನಿವಾರ ಬೆಳಿಗ್ಗೆ 8:15

ಬಂದು ಇಪ್ಪತ್ತು ದಿನವಾಯಿತು. ಸಂಪು ಆಯಿತು. ಎಂಟು, ಆರು, ಐದು, ಹೇಳಿದ ಅಳತೆಯಂತೆಯೇ. ಗೌಂಡಿ ನಾಲ್ಕಡಿ ಆಳ ಸಾಕು ಅಂದ, ನಾನು ಈ ಚರ್ಚೆ ತೆಗೆದು ಓದಿ ತೋರಿಸಿದೆ. ಮಗ್ಗದ ಕುಣಿಗೆ ಅಪ್ಪ ಹಲಗೆ ಮುಚ್ಚಿಸಿದ್ದಾನೆ. ನನ್ನ ಆಫೀಸ್ ಮೇಜು ಈಗ ಅದರ ಮೇಲೆ. ಅಜ್ಜ ಕಾಲು ಇಳಿಬಿಟ್ಟು ಕೂರುತ್ತಿದ್ದ ಜಾಗದಲ್ಲಿ ನಾನು ಲ್ಯಾಪ್‌ಟಾಪ್ ಕುಟ್ಟುತ್ತೇನೆ.

ಮಗಳನ್ನು ಸರ್ಕಾರಿ ಶಾಲೆಯ ಇಂಗ್ಲಿಷ್ ವಿಭಾಗಕ್ಕೆ ಸೇರಿಸಿದೆವು. ಮಾಸ್ತರ್ರೇ, ನೀವು ಹೇಳಿದಂತೆ ಮೊದಲು ಶೌಚಾಲಯ ನೋಡಿದೆ. ನೀರು ಬರುತ್ತಿತ್ತು. ಟೀಚರ್ ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. ಮಗಳಿಗೆ ಅದೇ ಇಷ್ಟವಾಗಿದೆ. ಹೆಂಡತಿಗೆ ಇನ್ನೂ ಪೂರಾ ಒಪ್ಪಿಗೆ ಇಲ್ಲ, ಒಂದು ವರ್ಷ ನೋಡೋಣ ಅಂದಿದ್ದಾಳೆ.

ನಿನ್ನೆ ರಾತ್ರಿ ನೀರು ಬಂತು. ಹದಿಮೂರನೇ ದಿನಕ್ಕೆ. ಎರಡೂಕಾಲು ಗಂಟೆ ರಾತ್ರಿ. ಮೊದಲು ಯಾರದೋ ಬಾಗಿಲು ಕಿರ್ ಅಂತು, ಆಮೇಲೆ ಇಡೀ ಓಣಿಯ ದೀಪ ಹತ್ತಿತು. ಅವ್ವ ಎದ್ದು ಕೂತವಳೇ ಪಕ್ಕದ ಮನೆಯ ಗೋಡೆ ಬಡಿದಳು. ಅಪ್ಪ ಟಾರ್ಚ್ ಹಿಡಿದು ಸಂಪಿನ ಬಾಯಲ್ಲಿ ಕೂತ. ಮೊದಲ ಹತ್ತು ನಿಮಿಷದ ನೀರು ಗಿಡಕ್ಕೆ ಬಿಡೋಣ ಅಂದರೆ ನನ್ನನ್ನು ಹುಚ್ಚನ ಹಾಗೆ ನೋಡಿದ. ಐದು ನಿಮಿಷಕ್ಕೆ ರಾಜಿಯಾಯಿತು. ಮಗಳು ನಿದ್ದೆಗಣ್ಣಿನಲ್ಲಿ ಹೊರಗೆ ಬಂದು, "ಇವತ್ತು ಏನು ಹಬ್ಬ?" ಅಂತ ಕೇಳಿದಳು. ಹೆಂಡತಿ ನಗಲಿಲ್ಲ. ನಾಲ್ಕು ಗಂಟೆ ತನಕ ಅವ್ವನ ಜೊತೆ ಕೊಡ ಹೊತ್ತಳು, ಬೆಳಿಗ್ಗೆ ಎದ್ದವಳೇ ಓಣಿ_ಅಕ್ಕ ಅವರ ಮನೆ ಎಲ್ಲಿ ಅಂತ ವಿಚಾರಿಸಿದಳು.

ಸಂಪಿನ ಮುಚ್ಚಳದ ಸಂದಿ ಮಾತ್ರ ಬಾಕಿ ಇದೆ. ಸಣ್ಣ ಕಣ್ಣಿನ ಜಾಳಿಗೆ ಎಲ್ಲಿ ಸಿಗುತ್ತದೆ?

ಓಣಿ_ಅಕ್ಕ · ಶನಿವಾರ ಬೆಳಿಗ್ಗೆ 9:05

ಟಾಂಗಾಕೂಟದ ಕಡೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಮುಚ್ಚಳದ ಅಳತೆ ತೆಗೆದುಕೊಂಡು ಹೋಗಿ, ಸುಮ್ನೆ ಎರಡು ಸಲ ಓಡಾಡಬೇಡಿ. ನಿಮ್ಮ ಮನೆಯವರಿಗೆ ಹೇಳಿ, ನಮ್ಮ ಓಣಿಗೆ ನೀರು ಬಂದು ಒಂಬತ್ತು ದಿನವಾಗಿದೆ. ಇವತ್ತು, ನಾಳೆ ನಾನು ಮನೆಯಲ್ಲೇ ಇರುತ್ತೇನೆ, ಬರಲಿ.